ಯೆಲಿನೆಕ್‌ನ ಸಾಲು

ಐದು ಹೆಸರುಗಳ ಮುಂದೆ ಅಂಕಿಗಳನ್ನು ಇಳಿಸಿ ಮುಗಿಸಿದ ಎರ್ವಿನ್ ಬೋಲ್ಟ್‌ನ ಪೆನ್ನು ಆರನೆಯ ಹೆಸರಿನ ಮುಂದೆ ಬಂದು ನಿಂತು ಅರ್ಧ ಗಂಟೆಯಾಗಿತ್ತು. ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ಅವನ ಅಕ್ಕ ಹುಲ್ಡಾ ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ಮೂವತ್ತು ವರ್ಷ ವಾಲ್ಡೆಕ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡವಳಿಗೆ ತಮ್ಮನ ಮೌನವನ್ನು ಕೇಳಿಸಿಕೊಳ್ಳುವುದು ಕಷ್ಟವೇನಲ್ಲ. ಆದರೆ ಅವಳು ತಲೆಯೆತ್ತಲಿಲ್ಲ. ಕಿಟಕಿಯಾಚೆ ಅಕ್ಟೋಬರಿನ ಬಿಸಿಲು ಪಕ್ಕದ ಮನೆಯ ಬಿಳಿ ಗೋಡೆಯ ಮೇಲೆ ಬಿದ್ದು, ಅಲ್ಲಿಂದ ಹಿಮ್ಮೆಟ್ಟಿ, ಮೇಜಿನ ಮೇಲೆ ಬಿಚ್ಚಿಟ್ಟ ಸ್ಕೋರ್ ಪುಸ್ತಕದ ಹಳದಿ ಹಾಳೆಯನ್ನು ಬೆಳಗುತ್ತಿತ್ತು. ಹಾಳೆಯ ತಲೆಯಲ್ಲಿ ಅವನದೇ ಅಕ್ಷರ, ಹದಿನೈದು ವರ್ಷ ಹಿಂದಿನದು, ಈಗಿನದಕ್ಕಿಂತ ನೇರ, ಈಗಿನದಕ್ಕಿಂತ ಜಂಬದ್ದು: ಫೆಬ್ರವರಿ ೧೯೪೭, ಭಾನುವಾರ ಮಧ್ಯಾಹ್ನ, ವಾಲ್ಡೆಕ್ ಚೇರ್‌ಮೇಕರ್ಸ್ ಐವತ್ತೊಂದು, ಎದುರಾಳಿ ನಲವತ್ತೇಳು. ಆ ಕಾಲದಲ್ಲಿ ಒಬ್ಬ ಆಟಗಾರನ ಬಗ್ಗೆ ಮೂರೇ ಸಂಗತಿ ಬರೆಯುತ್ತಿದ್ದರು. ಎಷ್ಟು ಬ್ಯಾಸ್ಕೆಟ್ ಹಾಕಿದ, ಎಷ್ಟು ಫ್ರೀ ಥ್ರೋ ಹಾಕಿದ, ಎಷ್ಟು ಫೌಲ್ ಮಾಡಿದ. ಯಾರು ಓಡಿದರು, ಯಾರು ಚೆಂಡು ಕಿತ್ತುಕೊಟ್ಟರು, ಯಾರು ಬಿದ್ದು ಮೊಣಕಾಲು ಒಡೆದುಕೊಂಡರು, ಇದಕ್ಕೆಲ್ಲ ಅಂಕಣವೇ ಇರಲಿಲ್ಲ. ಆ ಮೂರು ಅಂಕಣಗಳೊಳಗೆ ಒಬ್ಬ ಮನುಷ್ಯನ ಮಧ್ಯಾಹ್ನವಿಡೀ ಹಿಡಿಸುತ್ತದೆಂದು ಎರ್ವಿನ್ ಆಗ ನಿಜವಾಗಿಯೂ ನಂಬಿದ್ದ.

ಪತ್ರ ಬಂದು ವಾರವಾಗಿತ್ತು. ಮಿಲ್ವಾಕಿಯಲ್ಲಿ ನಿವೃತ್ತನಾದ ಒಬ್ಬ ಪತ್ರಕರ್ತ, ಹಣಕ್ಕೆ ಬ್ಯಾಸ್ಕೆಟ್‌ಬಾಲ್ ಆಡಲು ಶುರುಮಾಡಿದ ಕಾಲದ ಪಂದ್ಯಗಳ ಅಂಕಿಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತರುತ್ತಿದ್ದನಂತೆ. ಕಾರ್ಖಾನೆಗಳ ಹೆಸರು ಹೊತ್ತ ತಂಡಗಳೆಲ್ಲ ಮುಚ್ಚಿಹೋಗಿ, ಆಟ ದೊಡ್ಡ ಊರುಗಳ ಪಾಲಾಗಿ, ಈಗ ಯಾರಿಗೂ ಏನೂ ನೆನಪಿಲ್ಲ. ಪತ್ರಿಕೆಗಳಲ್ಲಿ ಅಚ್ಚಾದ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೂಲ ಪುಸ್ತಕ ನಿಮ್ಮ ಹತ್ತಿರವಿದೆಯೆಂದು ಕೇಳಿದೆ, ದಯವಿಟ್ಟು ಪ್ರತಿ ಮಾಡಿ ಕಳಿಸಿ ಎಂದು ಬರೆದಿದ್ದ. ಅಷ್ಟೇ ಆಗಿದ್ದರೆ ಎರ್ವಿನ್ ಮೂರು ದಿನದಲ್ಲಿ ಮುಗಿಸಿಬಿಡುತ್ತಿದ್ದ. ಆದರೆ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಪುಸ್ತಕದಲ್ಲೇ ಎಲ್ಲಾದರೂ ತಪ್ಪಿದೆಯೆಂದು ನಿಮಗೆ ಖಾತ್ರಿಯಾಗಿ ಗೊತ್ತಿದ್ದರೆ ಅದನ್ನೂ ತಿಳಿಸಿ, ಒಮ್ಮೆ ಅಚ್ಚಾದರೆ ಮತ್ತೆ ತಿದ್ದಲಾಗುವುದಿಲ್ಲ. ಖಾತ್ರಿಯಾಗಿ ಎಂಬ ಆ ಮಾತು ಎರ್ವಿನ್‌ನ ಒಳಗೆ ಸಣ್ಣ ಮುಳ್ಳಿನಂತೆ ಹೊಕ್ಕು ಕೂತಿತ್ತು. ಅವನಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಒಂದೇ. ಆ ಪಂದ್ಯದ ಕೊನೆಯ ಬ್ಯಾಸ್ಕೆಟ್ ಬಿದ್ದಾಗ ತಾನು ನೋಡುತ್ತಿರಲಿಲ್ಲ.

"ಪೈಗೆ ಇಷ್ಟು ಸೇಬು ಸಾಕು," ಎಂದಳು ಹುಲ್ಡಾ. "ನಾಳೆ ಶುಕ್ರವಾರ, ಮಾಂಸ ತಿನ್ನೋ ಹಾಗಿಲ್ಲ. ಹೊಗೆ ಹಾಕಿದ ಮೀನು ತಿಂದು ಎಷ್ಟು ವರ್ಷ ಆಯ್ತೋ. ಇಡೀ ಊರು ಯೆಲಿನೆಕ್ ಹತ್ರ ತಗೊಂಡು ತಿನ್ನುತ್ತೆ. ನಮ್ಮನೇಲಿ ಮಾತ್ರ ಡಬ್ಬಿ ಮೀನು."

ಅವಳು ಚಾಕು ಒರೆಸಿದಳು.

"ಆ ಹೆಸರಿನ ಮುಂದೆ ಏನು ಬರೀಬೇಕು ಅಂತ ಅವನನ್ನೇ ಕೇಳ್ಕೊಂಡು ಬಾರೋ. ನನ್ನ ಮುಖ ನೋಡ್ಕೊಂಡು ಕೂತ್ರೆ ನನಗೇನು ಗೊತ್ತು?"

ಅವಳಿಗೆ ಎಷ್ಟು ಗೊತ್ತು ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಪ್ರತಿ ಮಾಡುತ್ತಿದ್ದ ಹಾಳೆಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಂಡ. ಸ್ಕೋರ್ ಪುಸ್ತಕವನ್ನೂ ತೆಗೆದುಕೊಂಡ. ಹೊರಗೆ ಬಂದಾಗ ಗಾಳಿಯಲ್ಲಿ ಸರೋವರದ ತಣ್ಣನೆಯ ವಾಸನೆಯಿತ್ತು. ಕಾಲು ತಾನಾಗಿ ಮೇಲಿನ ಸೇತುವೆಯ ಕಡೆ ತಿರುಗಿತು. ನದಿಯ ಬಾಯಿಯಲ್ಲಿರುವ ಕೆಳಗಿನ ಸೇತುವೆ ದಾಟಿದರೆ ಮೀನಿನ ಅಂಗಡಿಗಳು, ಕೊನೆಯಲ್ಲಿ ರೋಮನ್ ಯೆಲಿನೆಕ್‌ನ ಹೊಗೆಮನೆ. ಹದಿನೈದು ವರ್ಷ ಎರ್ವಿನ್ ಮೇಲಿನ ಸೇತುವೆಯಿಂದಲೇ ಓಡಾಡಿದ್ದಾನೆ. ಕಾರ್ಖಾನೆಗೆ ಅದೇ ಹತ್ತಿರ ಎಂದು ತನಗೆ ತಾನೇ ಹೇಳಿಕೊಂಡಿದ್ದಾನೆ. ಅಳತೆಯ ಮನುಷ್ಯ ಅವನು. ಕುರ್ಚಿ ಕಾರ್ಖಾನೆಯ ಮರದ ಅಂಗಳದಲ್ಲಿ ಲಾರಿಯಿಂದ ಇಳಿಯುವ ಮೇಪಲ್ ಹಲಗೆಗಳ ಉದ್ದಗಲ ಬರೆದುಕೊಳ್ಳುವುದು ಅವನ ಕೆಲಸ. ಮೇಲಿನ ಸೇತುವೆಯಿಂದ ಇನ್ನೂರು ಹೆಜ್ಜೆ ಹೆಚ್ಚು ಎಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು.

ತನ್ನ ಕುರ್ಚಿ. ಊರೇ ಕುರ್ಚಿ ಮಾಡುವ ಊರು, ಅದರಲ್ಲಿ ತನ್ನದೆಂದು ಒಂದು ಕುರ್ಚಿ ಬೇಕೆಂದು ಅವನೆಂದೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಆರು ವರ್ಷ ಪ್ರತಿ ಪಂದ್ಯಕ್ಕೂ ತಂಡದ ಸ್ಕೋರರ್ ಆಗಿ ಊರ ಸಭಾಂಗಣದ ಮೇಜಿನ ನಡುಮಧ್ಯದಲ್ಲಿ, ಆಟದ ಅಂಕಣದ ಎರಡು ತುದಿಗೂ ಸರಿಸಮ ದೂರದಲ್ಲಿ ಕೂತಿದ್ದವನಿಗೆ ಆ ಜಾಗ ಮೈಗೆ ಅಂಟಿತ್ತು. ಅಲ್ಲಿ ಕೂತರೆ ಮೂರು ಸಾವಿರ ಜನರ ಕೂಗು ಮೊದಲು ಅವನ ಪೆನ್ಸಿಲಿನ ಮೊನೆಗೆ ಬಂದು, ಅಲ್ಲಿ ಅಂಕಿಯಾಗಿ, ಆಮೇಲಷ್ಟೇ ನಿಜವಾಗುತ್ತಿತ್ತು. ಆ ಭಾನುವಾರ ವಿರಾಮದ ಹೊತ್ತಿಗೆ ತಂಡದ ಮ್ಯಾನೇಜರ್ ಯಾರೋ ದೊಡ್ಡ ಅತಿಥಿಯನ್ನು ಕರೆದುಕೊಂಡು ಬಂದ. ಒಂಟೆಬಣ್ಣದ ಕೋಟು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಎರ್ವಿನ್, ಸ್ವಲ್ಪ ಆ ತುದಿಗೆ ಜರುಗಪ್ಪ, ನಿನಗೇನು, ಎಲ್ಲಿ ಕೂತರೂ ಬರೆಯೋದು ತಾನೆ ಎಂದಿದ್ದ ಮ್ಯಾನೇಜರ್. ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಹೆಚ್ಚೇನೂ ಅಲ್ಲ, ಸುಮ್ಮನೆ ನಗುವ ಹಾಗೆ ನಕ್ಕರು. ಎರ್ವಿನ್ ಪುಸ್ತಕ, ಪೆನ್ಸಿಲು, ರಬ್ಬರು ಎಲ್ಲವನ್ನೂ ಎದೆಗೆ ಅವುಚಿಕೊಂಡು ನೀರಿನ ಬಕೆಟ್ಟಿನ ಪಕ್ಕದ ಸ್ಟೂಲಿಗೆ ಹೋಗಿ ಕೂತ. ಉಳಿದ ಅರ್ಧ ಆಟ ಪೂರ್ತಿ ಅವನ ಕಣ್ಣು ಆಟದಿಂದ ಕಳಚಿಕೊಂಡು ಮತ್ತೆ ಮತ್ತೆ ಆ ಕೋಟಿನ ಮೇಲೆ ಹೋಗುತ್ತಿತ್ತು. ಆ ಮನುಷ್ಯ ಆಟವನ್ನೂ ನೋಡುತ್ತಿರಲಿಲ್ಲ. ಸಿಪ್ಪೆ ಸುಲಿದು, ಕಾಳನ್ನು ಬಾಯಿಗೆಸೆದು, ಸಿಪ್ಪೆಯನ್ನು ಮೇಜಿನ ಮೇಲೆ, ಎರ್ವಿನ್ ಯಾವತ್ತೂ ಮೊಣಕೈ ಊರುತ್ತಿದ್ದ ಕಡೆಗೇ ಗುಡ್ಡೆ ಹಾಕುತ್ತಿದ್ದ. ಆ ಗುಡ್ಡೆಯನ್ನು ನೋಡುತ್ತಿರುವಾಗಲೇ ಸಭಾಂಗಣ ಕೂಗಿಕೊಂಡಿತು. ಎರ್ವಿನ್ ತಿರುಗಿದ. ಬಲೆ ಅಲ್ಲಾಡುತ್ತಿತ್ತು, ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತಿತ್ತು, ಬಲೆಯ ಕೆಳಗೆ ಇಬ್ಬರು ಆಗಷ್ಟೇ ನೆಲಕ್ಕಿಳಿಯುತ್ತಿದ್ದರು. ಒಬ್ಬ ಆರ್ನೆ ಲುಂಡ್, ತಂಡದ ಅತಿ ಎತ್ತರದ ಆಳು, ಊರಿನ ಕಣ್ಮಣಿ. ಇನ್ನೊಬ್ಬ ರೋಮನ್ ಯೆಲಿನೆಕ್, ಕಾರ್ಖಾನೆಯ ವಾರ್ನಿಷ್ ಕೋಣೆಯವನು. ತಂಡದ ಇಬ್ಬರಿಗೆ ಜ್ವರವೆಂದು ಅದೊಂದು ದಿನದ ಮಟ್ಟಿಗೆ ಸೇರಿಸಿಕೊಂಡು, ಕೊನೆಯ ಎಂಟು ನಿಮಿಷಕ್ಕೆ ಒಳಗೆ ಬಿಟ್ಟಿದ್ದರು.

ಯಾರದು ಎಂದು ಪಕ್ಕದಲ್ಲಿ ಎದುರಾಳಿ ತಂಡದ ಸ್ಕೋರರ್ ಕೇಳಿದ. ಅವನೂ ಸೀಸದಕಡ್ಡಿ ಚೂಪು ಮಾಡಿಕೊಳ್ಳುತ್ತಿದ್ದನಂತೆ. ಲುಂಡ್ ಎಂದ ಎರ್ವಿನ್. ಆ ಹೆಸರು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ತಾನು ಹೇಳಿದ್ದೆಂದು ಅವನಿಗೆ ಗೊತ್ತಾಗುವುದರೊಳಗೆ ಪಕ್ಕದವನು ಬರೆದುಕೊಂಡಿದ್ದ, ಮೈಕಿನವನು ಕೂಗಿಯಾಗಿತ್ತು. ಲುಂಡ್ ಆ ಹೊತ್ತಿಗೆ ಎಂಟು ಬ್ಯಾಸ್ಕೆಟ್ ಹಾಕಿದ್ದ, ಒಂಬತ್ತಾಯಿತು. ಒಂಬತ್ತು ಹಾಕುವವನು ಲುಂಡ್, ಸೊನ್ನೆ ಹಾಕುವವನು ಯೆಲಿನೆಕ್, ಇದರಲ್ಲಿ ನೋಡುವುದೇನಿತ್ತು? ಬರೆದ ಮೇಲೆ ಪೆನ್ಸಿಲ್ ಒಂದು ಕ್ಷಣ ಹಾಳೆಯ ಮೇಲೆಯೇ ಇತ್ತು. ರೋಮನ್ ಓಡುತ್ತ ಹಿಂದಿರುಗುವಾಗ ಮೇಜಿನ ಕಡೆ ಒಮ್ಮೆ ನೋಡಿದ. ಆ ನೋಟ ಹದಿನೈದು ವರ್ಷ ಎರ್ವಿನ್‌ನ ಹಿಂದೆ ಬಂದಿದೆ. ಚರ್ಚಿನಲ್ಲಿ, ಕ್ಷೌರದಂಗಡಿಯ ಕನ್ನಡಿಯಲ್ಲಿ, ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಳತೆ ಗೀಚುವಾಗ, ಹಲ್ಲು ನೋವಿನ ಹಾಗೆ, ಇದೆ ಎಂದು ಮರೆತಾಗಲೇ ಎದ್ದು ಬಂದಿದೆ.

ಅವನು ಕೆಳಗಿನ ಸೇತುವೆಯ ಮೇಲಿದ್ದ. ಯಾವಾಗ ತಿರುಗಿದನೋ. ನೀರು ಬೂದುಬಣ್ಣಕ್ಕಿತ್ತು, ಮೀನಿನ ದೋಣಿಗಳ ಮೇಲೆ ಬೆಳ್ಳಕ್ಕಿಗಳಂತೆ ಸಾಲಾಗಿ ಕೂತ ಕಡಲಹಕ್ಕಿಗಳು ಅವನನ್ನು ಕಂಡು ಕದಲಲಿಲ್ಲ. ಮಾರನೆಯ ದಿನ, ಸೋಮವಾರ, ರೋಮನ್ ಮರದ ಅಂಗಳಕ್ಕೆ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅಷ್ಟು ಎತ್ತರದ ಆಳು ಹಾಗೆ ನಿಂತಿದ್ದು ನೋಡಿಯೇ ಹಲಗೆ ಹೊರುವವರು ಕೆಲಸ ನಿಲ್ಲಿಸಿದ್ದರು. ಬೋಲ್ಟರೇ, ಆ ಕೊನೇದು ನಂದಲ್ವಾ ಎಂದು ಕೇಳಿದ್ದ. ಎರ್ವಿನ್ ಅವನ ಮುಖ ನೋಡಲಿಲ್ಲ. ನೋಡಿಲ್ಲವೆಂದು ಅಲ್ಲಿ, ಆರೇಳು ಜನರ ಮುಂದೆ ಒಪ್ಪಿಕೊಂಡರೆ ಪುಸ್ತಕದ ಯಾವ ಅಂಕಿ ತಾನೇ ನಿಂತೀತು? ಆರು ವರ್ಷದ ಯಾವ ಮಧ್ಯಾಹ್ನ ಉಳಿದೀತು? ಪುಸ್ತಕದಲ್ಲಿ ಏನಿದೆಯೋ ಅದೇ ಎಂದು ಹೇಳಿ ಮುಂದಿನ ಹಲಗೆಯ ಅಳತೆ ಹಿಡಿದ. ಯಾರೋ ನಕ್ಕರು, ಇನ್ಯಾರೋ ಸೊನ್ನೆ ಯೆಲಿನೆಕ್ ಎಂದರು. ಹೆಸರು ನಿಂತುಬಿಟ್ಟಿತು. ವಾರ್ನಿಷ್ ಕೋಣೆಯಲ್ಲಿ, ಊಟದ ಹೊತ್ತಿನಲ್ಲಿ, ಬೀರಿನಂಗಡಿಯಲ್ಲಿ, ಸೊನ್ನೆ ಬಂದ, ಸೊನ್ನೆ ಹೋದ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಆ ವಸಂತದಲ್ಲಿ ರೋಮನ್ ಕಾರ್ಖಾನೆ ಬಿಟ್ಟು ಮಾವನ ಹೊಗೆಮನೆ ಸೇರಿಕೊಂಡ. ತಾನು ಒಂದು ಅಂಕಿಯಿಂದ ಒಬ್ಬನನ್ನು ಕೆಲಸದಿಂದ ಓಡಿಸಿದೆ ಎಂದು ಎರ್ವಿನ್ ಲೆಕ್ಕ ಹಾಕಿಕೊಂಡ. ಆ ಲೆಕ್ಕವನ್ನು ಅವನು ಯಾರಿಗೂ ತೋರಿಸಲಿಲ್ಲ.

ಹೊಗೆಮನೆ ಇಟ್ಟಿಗೆಯದು, ನಾಲ್ಕು ಕಬ್ಬಿಣದ ಬಾಗಿಲು, ಬಾಗಿಲುಗಳ ಸುತ್ತ ಗೋಡೆ ಕಪ್ಪಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ನಾಳೆ ಶುಕ್ರವಾರಕ್ಕೆಂದು ನಾಲ್ಕರಲ್ಲೂ ಬೆಂಕಿಯಿತ್ತು. ರೋಮನ್ ಒಂದು ಬಾಗಿಲು ತೆರೆದು, ಸರಳಿಗೆ ಪೋಣಿಸಿದ ಮೀನುಗಳ ಸಾಲನ್ನು ತಿರುಗಿಸುತ್ತಿದ್ದ. ಹೊಂಬಣ್ಣಕ್ಕೆ ತಿರುಗಿದ ಪುಟ್ಟ ಮೀನುಗಳು ಒಂದೇ ಅಳತೆಯವು. ತಿರುಗಿ ನೋಡಿದವನು ಎರ್ವಿನ್‌ನನ್ನು ಕಂಡು ಸರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಕೂದಲು ಪೂರ್ತಿ ನರೆತಿತ್ತು. ತಗ್ಗು ಬಾಗಿಲುಗಳಿಗೆ ಬಗ್ಗಿ ಬಗ್ಗಿ ಬೆನ್ನು ಹಾಗೇ ಉಳಿದುಬಿಟ್ಟಿತ್ತು. ನಲವತ್ತಾರಿರಬೇಕು ಈಗ ಎಂದುಕೊಂಡ ಎರ್ವಿನ್. ಅವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಕೊನೆಗೂ ಸಿಕ್ಕಿಬಿದ್ದವನ ಮುಖ ಅದು. ಆದರೆ ಆಗ ಎರ್ವಿನ್‌ಗೆ ಅದು ಹೊಳೆಯಲಿಲ್ಲ.

ಎಷ್ಟು ಬೇಕೆಂದು ರೋಮನ್ ಕೇಳಿದ. ಎರಡು ಪೌಂಡ್ ಎಂದ ಎರ್ವಿನ್. ರೋಮನ್ ಕಾಗದ ಹಾಸಿ ಮೀನು ಜೋಡಿಸತೊಡಗಿದ. ಬೆರಳುಗಳು ದೊಡ್ಡವು, ಮೀನಿನ ಚರ್ಮ ಎಲ್ಲೂ ಸುಲಿಯದಂತೆ ಎತ್ತಿಡುತ್ತಿದ್ದವು. ಕಾಗದ ಮಡಿಸಿ ದಾರ ಸುತ್ತುವುದರೊಳಗೆ ಹೇಳಿಬಿಡಬೇಕು, ದಾರ ಕಡಿದ ಮೇಲೆ ಹೇಳಲಾಗುವುದಿಲ್ಲ ಎಂದು ಎರ್ವಿನ್‌ಗೆ ಅನ್ನಿಸಿತು. ಮಿಲ್ವಾಕಿಯ ಪತ್ರದಿಂದ ಶುರುಮಾಡಿದ. ಅಲ್ಲಿಂದ ಫೆಬ್ರವರಿಯ ಭಾನುವಾರಕ್ಕೆ ಬಂದ. ಕುರ್ಚಿಯ ವಿಷಯ ಹೇಳಬಾರದೆಂದುಕೊಂಡಿದ್ದ, ಅದು ಕ್ಷಮೆ ಗಿಟ್ಟಿಸುವ ಮಾತಾಗುತ್ತದೆಂದು. ಅದನ್ನೂ ಹೇಳಿದ, ಕಡಲೆಕಾಯಿ ಸಿಪ್ಪೆಯ ತನಕ. ಹೇಳುತ್ತ ಹೋದಂತೆ ಅದೆಲ್ಲ ಎಷ್ಟು ಸಣ್ಣದೆಂದು ಅವನಿಗೇ ಕೇಳಿಸತೊಡಗಿತು. ಐವತ್ತೆಂಟು ವರ್ಷದ ಗಂಡಸು ಮೀನಿನಂಗಡಿಯಲ್ಲಿ ನಿಂತು ಕಡಲೆಕಾಯಿ ಸಿಪ್ಪೆಯ ಬಗ್ಗೆ ಮಾತಾಡುತ್ತಿದ್ದಾನೆ.

"ನಾನು ನೋಡಲಿಲ್ಲ ರೋಮನ್. ನೋಡದೇ ಬರೆದೆ. ಅಂಗಳದಲ್ಲಿ ನೀನು ಬಂದು ಕೇಳಿದಾಗಲೂ ಹೇಳಲಿಲ್ಲ. ಆ ಬ್ಯಾಸ್ಕೆಟ್ ನಿನ್ನದು. ಅದು ಅಚ್ಚಾಗೋ ಮೊದಲು ತಿದ್ದೋಣ ಅಂತ ಬಂದೆ."

ರೋಮನ್ ದಾರದ ಉಂಡೆಯನ್ನು ಕೆಳಗಿಟ್ಟ. ಒಲೆಯಲ್ಲಿ ಒಂದು ಕೊರಡು ಕುಸಿದು ಕಿಡಿ ಹಾರಿತು. ಅವನು ಹೋಗಿ ಆ ಬಾಗಿಲನ್ನು ಮುಚ್ಚಿ, ಚಿಲಕ ಹಾಕಿ, ಮತ್ತೆ ಬಂದ.

"ನೀವು ನೋಡಲಿಲ್ಲ," ಎಂದ.

"ಇಲ್ಲ."

"ನೋಡಿದ್ರಿ ಅಂದ್ಕೊಂಡಿದ್ದೆ ನಾನು." ರೋಮನ್ ಏಪ್ರನ್ನಿನಲ್ಲಿ ಕೈ ಒರೆಸಿದ, ಒರೆಸುತ್ತಲೇ ಇದ್ದ. "ಹದಿನೈದು ವರ್ಷ. ಈ ಊರಲ್ಲಿ ನೋಡಿದೋರು ನೀವೊಬ್ರೇ ಅಂದ್ಕೊಂಡಿದ್ದೆ. ಅದು ನಂದಲ್ಲ ಬೋಲ್ಟರೇ. ನನ್ನ ಬೆರಳೂ ತಗಲಲಿಲ್ಲ ಅದಕ್ಕೆ. ಲುಂಡ್ ನನಗಿಂತ ಒಂದು ಗೇಣು ಮೇಲಿದ್ದ."

ಎರ್ವಿನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಹಗುರಾಗಬೇಕಿತ್ತು, ಆಗಲಿಲ್ಲ. ಮಾಳಿಗೆಗೆ ಹೊತ್ತ ಮೂಟೆಯನ್ನು ಕೊನೆಯ ಮೆಟ್ಟಿಲಲ್ಲಿ ಯಾರೋ ಕಿತ್ತುಕೊಂಡ ಹಾಗೆ ತೋಳುಗಳು ಖಾಲಿಯಾದವು. ಹಾಗಾದರೆ ಪುಸ್ತಕ ಸರಿಯಿತ್ತು. ಅವನು ಬರೆದದ್ದು ನಿಜ. ನಿಜವನ್ನೇ ಬರೆದಿದ್ದ, ಆದರೆ ಕುರುಡ ಗುರಿಯಿಟ್ಟು ಹೊಡೆದಂತೆ. ಅದರಲ್ಲಿ ಅವನ ಪಾಲು ಏನೂ ಇರಲಿಲ್ಲ. ನೋಡಿಲ್ಲ ಎಂಬುದು ಹಾಗೇ ಉಳಿಯಿತು. ಅದನ್ನು ಯಾರೂ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ರೋಮನ್ ನಿಧಾನವಾಗಿ ಹೇಳಿದ. ಪಂದ್ಯ ಮುಗಿದು ಹೊರಗೆ ಬಂದಾಗ ಹೆಂಡತಿ ವಿಲ್ಮಾ ಹಿಮದಲ್ಲಿ ಕಾಯುತ್ತಿದ್ದಳಂತೆ. ಮೇಲಿನ ಸಾಲಿನಿಂದ ನೋಡಿದವಳಿಗೆ ಇಬ್ಬರು ಹಾರಿದ್ದು ಕಂಡಿದೆ, ಚೆಂಡು ಬಿದ್ದದ್ದು ಕಂಡಿದೆ. ನಿಂದೇ ಅದು, ಮೈಕಿನವನಿಗೆ ಕಣ್ಣಿಲ್ಲ ಎಂದು ಅಪ್ಪಿಕೊಂಡಳು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಹೌದು ಎಂದುಬಿಟ್ಟ. ಮಾರನೆಯ ಬೆಳಿಗ್ಗೆ ಪತ್ರಿಕೆ ಬಂತು. ಅವಳು ಅವನ ಟೋಪಿ ತಂದು ಕೈಗೆ ಕೊಟ್ಟು, ಹೋಗಿ ಕೇಳು, ಸುಮ್ಮನಿರಬೇಡ ಎಂದಳು. ಹಾಗಾಗಿ ಬಂದ. ಅಂಗಳದಲ್ಲಿ ನಿಂತಾಗ, ಬೋಲ್ಟ್ ಎಲ್ಲರ ಮುಂದೆ ನಿನ್ನ ಕೈ ತಗಲಿಲ್ಲ, ನಾನು ಕಣ್ಣಾರೆ ಕಂಡೆ ಎಂದುಬಿಟ್ಟರೆ ಏನು ಗತಿ ಎಂಬುದೊಂದೇ ಯೋಚನೆಯಿತ್ತಂತೆ.

"ನೀವು ಹಾಗನ್ನಲಿಲ್ಲ. ಪುಸ್ತಕದ ಮೇಲೆ ಹಾಕಿದ್ರಿ. ಸುಳ್ಳ ಅನ್ನದೆ ಮಾನ ಉಳಿಸಿದ್ರಲ್ಲ, ದೊಡ್ಡ ಮನುಷ್ಯರು ಅಂದ್ಕೊಂಡೆ. ಆಮೇಲೆ ನಿಮ್ಮನ್ನ ಕಂಡ್ರೆ ರಸ್ತೆ ದಾಟ್ತಿದ್ದೆ."

"ನೀನು ದಾಟ್ತಿದ್ದದ್ದು ನನಗೆ ಗೊತ್ತಿಲ್ಲ," ಎಂದ ಎರ್ವಿನ್. "ನಾನೇ ಮೊದಲು ದಾಟಿಬಿಡ್ತಿದ್ದೆ."

ರೋಮನ್‌ನ ಬಾಯಿಯ ಒಂದು ಕೊನೆ ನಗುವಂತೆ ಎದ್ದು ಅಲ್ಲೇ ನಿಂತಿತು. ನಂತರ ಅವನ ಮುಖ ಬದಲಾಯಿತು. ಎರ್ವಿನ್ ಹೆದರುತ್ತಿದ್ದ ಸಿಟ್ಟು ಈಗ, ಎಲ್ಲ ಮುಗಿಯಿತೆಂದಾಗ, ಬಂದಿತು. ಹಾಗಾದರೆ ಯಾರಿಗೂ ಗೊತ್ತಿರಲಿಲ್ಲ ಎಂದ ರೋಮನ್ ತನ್ನಷ್ಟಕ್ಕೆ. ಒಬ್ಬರಾದರೂ ನೋಡಿದ್ದಾರೆ, ನೋಡಿ ಸುಮ್ಮನಿದ್ದಾರೆ ಎಂದು ನಂಬಿಕೊಂಡು ತಾನು ಇಷ್ಟು ವರ್ಷ ಬದುಕಿದೆ. ತನ್ನ ಸುಳ್ಳಿಗೆ ಒಬ್ಬ ಸಾಕ್ಷಿ ಇದ್ದಾನೆಂಬುದೇ ಒಂದು ಬಗೆಯ ಧೈರ್ಯವಾಗಿತ್ತು. ಆ ಸ್ಟೂಲಿನ ಮೇಲೆ ಕೂತಿದ್ದವನು ಕಡಲೆಕಾಯಿ ನೋಡುತ್ತಿದ್ದನೇ? ಎರ್ವಿನ್ ತಲೆ ತಗ್ಗಿಸಿದ. ನನ್ನಿಂದ ನೀನು ಕಾರ್ಖಾನೆ ಬಿಟ್ಟೆಯಲ್ಲ ಎಂದಷ್ಟೇ ಕೇಳಿದ, ಸೊನ್ನೆ ಅಂತ ಕರೆದರಲ್ಲ. ರೋಮನ್ ಅವನನ್ನು ಅಚ್ಚರಿಯಿಂದ ನೋಡಿದ. ಮಾವ ಬಿದ್ದು ಸೊಂಟ ಮುರಿದುಕೊಂಡರು, ಹೊಗೆಮನೆ ನೋಡಿಕೊಳ್ಳುವವರಿರಲಿಲ್ಲ, ಅದಕ್ಕೆ ಬಿಟ್ಟೆ ಎಂದ. ವಾರ್ನಿಷ್ ವಾಸನೆಗೆ ದಿನಾ ತಲೆನೋವು ಬರುತ್ತಿತ್ತು, ಬಿಟ್ಟದ್ದು ಒಳ್ಳೆಯದೇ ಆಯಿತು. ಎರ್ವಿನ್‌ಗೆ, ಆ ಹೊತ್ತಿನಲ್ಲಿ, ಅತಿ ಹೆಚ್ಚು ಅವಮಾನವಾದದ್ದು ಇದರಿಂದಲೇ. ಒಬ್ಬನ ಬದುಕನ್ನು ಕೆಡಿಸುವಷ್ಟು ದೊಡ್ಡವನೂ ತಾನಾಗಿರಲಿಲ್ಲ.

ಹೊರಗೆ ವ್ಯಾನು ನಿಂತ ಸದ್ದಾಯಿತು. ವಿಲ್ಮಾ ಬೀರಿನಂಗಡಿಗಳಿಗೆ ಮೀನು ಮುಟ್ಟಿಸಿ ಖಾಲಿ ಪೆಟ್ಟಿಗೆಗಳೊಂದಿಗೆ ಒಳಗೆ ಬಂದಳು. ಗಟ್ಟಿ ಮೈಕಟ್ಟಿನ, ಗಾಳಿಗೆ ಕೆನ್ನೆ ಕೆಂಪಾದ ಹೆಂಗಸು. ಎರ್ವಿನ್‌ನನ್ನು ನೋಡಿ ಪೆಟ್ಟಿಗೆಗಳನ್ನು ಸದ್ದಾಗುವಂತೆ ಕೆಳಗಿಟ್ಟಳು.

"ಬೋಲ್ಟರು. ಏನು, ದಾರಿ ತಪ್ತಾ?"

ರೋಮನ್‌ನ ಮುಖದ ಬಣ್ಣವೇ ಹೋಯಿತು. ಅವನು ಎರ್ವಿನ್‌ನ ಕಡೆ ನೋಡಿದ. ಅದು ಅದೇ ನೋಟ. ಓಡುತ್ತ ಹಿಂದಿರುಗುವಾಗ ಮೇಜಿನ ಕಡೆ ಎಸೆದ ಆ ನೋಟ. ಅದನ್ನು ಹದಿನೈದು ವರ್ಷ ದೂರು ಎಂದು ಓದಿಕೊಂಡಿದ್ದ ಎರ್ವಿನ್‌ಗೆ ಅದೊಂದು ಬೇಡಿಕೆ ಎಂದು ಈಗ ತಿಳಿಯಿತು. ಹೇಳಬೇಡಿ ಎನ್ನುತ್ತಿತ್ತು ಅದು, ಅಷ್ಟೇ.

"ನಾನು ಅವತ್ತು ನೋಡಲಿಲ್ಲಮ್ಮ," ಎಂದ ಎರ್ವಿನ್. "ಆ ಬ್ಯಾಸ್ಕೆಟ್ ಬೀಳುವಾಗ ನನ್ನ ಕಣ್ಣು ಎಲ್ಲೋ ಇತ್ತು. ತಪ್ಪು ನಂದು. ಅದನ್ನ ಹೇಳೋಕೆ ಬಂದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಿಲ್ಮಾ ಗ್ಲೌಸ್ ಬಿಚ್ಚಿದಳು, ಒಂದೊಂದೇ ಬೆರಳು. ಈ ಮಾತಿಗೆಂದು ಇಟ್ಟುಕೊಂಡಿದ್ದ ಬೈಗುಳಗಳೆಲ್ಲ ಅವಳ ಬಾಯಿಯ ಹತ್ತಿರ ಬಂದು, ಎದುರಿನ ಮುದಿಯಾಗುತ್ತಿರುವ ಮುಖವನ್ನು ನೋಡಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದು ಎರ್ವಿನ್‌ಗೆ ಕಾಣುತ್ತಿತ್ತು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದಳು ಕೊನೆಗೆ. ಆಮೇಲೆ ಒಳಗಿನ ಕೋಣೆಯ ಬಾಗಿಲು ತೆರೆದು, ನಿಂತುಕೊಂಡೇ ಯಾಕೆ ಇದ್ದೀರಿ, ಕಾಫಿ ಇದೆ, ಬನ್ನಿ ಎಂದಳು.

ಚಿಕ್ಕ ಕೋಣೆ, ಮೇಜಿನ ಮೇಲೆ ಗಸಗಸೆ ತುಂಬಿದ ಬನ್ನುಗಳ ತಟ್ಟೆ. ಎರ್ವಿನ್‌ನ ಕಂಕುಳಲ್ಲಿ ಪುಸ್ತಕವಿದ್ದದ್ದು ವಿಲ್ಮಾಳ ಕಣ್ಣಿಗೆ ಬಿತ್ತು. ಇದೇ ಏನು ಅದು ಎಂದು ಕೇಳಿದಳು. ಪತ್ರಿಕೆಯಲ್ಲಿ ಇಡೀ ಊರು ಓದಿದ ಆ ಸಾಲುಗಳನ್ನು ತಾನು ಆ ಸೋಮವಾರ ಬೆಳಿಗ್ಗೆ ಒಲೆಗೆ ಹಾಕಿದವಳು, ಪೂರ್ತಿ ಓದಲೇ ಇಲ್ಲ ಎಂದಳು. ಓದಿ ನೋಡೋಣ, ಎಲ್ಲರದೂ.

ಎರ್ವಿನ್ ಕನ್ನಡಕ ಹಾಕಿಕೊಂಡು ಪುಸ್ತಕ ಬಿಚ್ಚಿದ. ಆ ಹಾಳೆಯನ್ನು ಗಟ್ಟಿಯಾಗಿ ಯಾರೆದುರೂ ಓದಿದವನಲ್ಲ ಅವನು. ಲುಂಡ್, ಬ್ಯಾಸ್ಕೆಟ್ ಒಂಬತ್ತು, ಫ್ರೀ ಥ್ರೋ ಐದು, ಫೌಲ್ ಮೂರು. ಅಬ್ಬಾ ಎಂದ ರೋಮನ್, ಮಂಡಿಯಲ್ಲಿ ನೀರು ತುಂಬಿಕೊಂಡು ಆಡಿದ್ದ ಅವನು ಅವತ್ತು. ಕ್ರೌಸ್, ನಾಲ್ಕು, ಎರಡು, ಎರಡು. ಸೊಬೊಟ್ಕಾ, ಮೂರು, ಒಂದು, ನಾಲ್ಕು. ಸೊಬೊಟ್ಕಾ ಸತ್ತ ವಿಷಯ ಗೊತ್ತೇ ಎಂದು ವಿಲ್ಮಾ ಕೇಳಿದಳು; ಗೊತ್ತು ಎಂದರು ಇಬ್ಬರೂ. ಡೋನೆಲಿ, ಎರಡು, ಮೂರು, ಒಂದು. ಹಾಫ್, ಒಂದು, ಎರಡು, ಸೊನ್ನೆ. ಹೆಸರುಗಳು ಒಂದೊಂದಾಗಿ ಆ ಚಿಕ್ಕ ಕೋಣೆಗೆ ಬಂದು, ಬೆವರಿದ ಮೈಯಲ್ಲಿ, ಉಣ್ಣೆಯ ಚಡ್ಡಿಗಳಲ್ಲಿ, ಗೋಡೆಗೆ ಒರಗಿ ನಿಂತ ಹಾಗಿತ್ತು. ಆರನೆಯ ಸಾಲಿಗೆ ಬಂದಾಗ ಎರ್ವಿನ್ ಹೆಸರನ್ನು ಓದಿದ. ಓದಿ ನಿಂತ. ವಿಲ್ಮಾ ಕಾಫಿ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು. ಈಗ ತಿದ್ದಿ ಹೇಳುತ್ತಾನೆಂದು ಕಾಯುತ್ತಿದ್ದಳು. ಬ್ಯಾಸ್ಕೆಟ್ ಒಂದು ಎಂದರೆ ಸಾಕಿತ್ತು. ಕೋಣೆಯಾಚೆ ಯಾರಿಗೂ ಕೇಳುತ್ತಿರಲಿಲ್ಲ. ಲುಂಡ್‌ನಿಂದ ಒಂದು ಬ್ಯಾಸ್ಕೆಟ್ ತೆಗೆದರೂ ಲುಂಡ್ ಲುಂಡೇ ಆಗಿರುತ್ತಿದ್ದ. ಎರ್ವಿನ್‌ನ ಬಾಯಿ ತೆರೆದುಕೊಂಡಿತು. ಏನು ಹೇಳಬೇಕೆಂದು ಅವನಿಗೆ ಆ ಕ್ಷಣದಲ್ಲೂ ಗೊತ್ತಿರಲಿಲ್ಲ.

"ಸೊನ್ನೆ," ಎಂದ ರೋಮನ್. "ಇರೋದನ್ನ ಓದಿ ಬೋಲ್ಟರೇ. ಬ್ಯಾಸ್ಕೆಟ್ ಸೊನ್ನೆ."

ವಿಲ್ಮಾ ಗಂಡನನ್ನು ನೋಡಿದಳು. ರೋಮನ್ ತನ್ನ ಬಟ್ಟಲನ್ನೇ ನೋಡುತ್ತಿದ್ದ; ಕಿವಿಗಳು ಕೆಂಪಾಗಿದ್ದವು.

"ಫ್ರೀ ಥ್ರೋ ಸೊನ್ನೆ," ಎಂದು ಓದಿದ ಎರ್ವಿನ್. "ಫೌಲ್ ಒಂದು."

"ಅದೊಂದು ಮಾತ್ರ ನಂದೇ," ಎಂದ ರೋಮನ್. "ಆ ಗಿಡ್ಡನ ಕಾಲಿಗೆ ಕಾಲು ಕೊಟ್ಟು ಬೀಳಿಸಿದೆ. ಅದನ್ನ ನೀವು ನೋಡಿದ್ರಾ?"

"ಅದನ್ನ ನೋಡಿದೆ," ಎಂದ ಎರ್ವಿನ್. "ಚೆನ್ನಾಗಿ ನೋಡಿದೆ."

ವಿಲ್ಮಾಳ ಕಣ್ಣು ಗಂಡನ ಕೆಂಪು ಕಿವಿಗಳ ಮೇಲೆಯೇ ಇತ್ತು. ಅವಳು ಹದಿನೈದು ವರ್ಷ ಹಿಂದಿನ ಹಿಮದಲ್ಲಿ ನಿಂತು ಒಬ್ಬ ತರುಣನ ಒದ್ದೆ ಕೋಟನ್ನು ಅಪ್ಪಿಕೊಂಡು ಏನೋ ಕೇಳುತ್ತಿರಬಹುದು, ಅವನ ಹೌದು ಎಂಬುದನ್ನು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿರಬಹುದು. ಬಟ್ಟಲು ತುಂಬಿಸಿ ಎರ್ವಿನ್‌ನ ಮುಂದೆ ಇಟ್ಟಳು. ಆಮೇಲೆ ಗಂಡನ ಬಟ್ಟಲನ್ನೂ ತುಂಬಿಸಿದಳು, ಅವನ ಭುಜದ ಮೇಲೆ ಒಂದು ಕೈ ಇಟ್ಟು, ಅಲ್ಲಿಂದ ತೆಗೆಯದೆ.

"ಎದುರು ತಂಡದ್ದು ಓದಿ," ಎಂದಳು.

ಎರ್ವಿನ್ ಹಾಳೆ ತಿರುವಿದ.